ಒದ್ದೆಯಾಗದ ಹಾಸಿಗೆ

"ಗುರುಗಳೇ, ಆರೈಕೆ ಸರಿಯಾಗಿ ನಡೆಯುತ್ತಿದೆ ಎಂದು ತಿಳಿಯಲು ಇನ್ನೇನನ್ನು ನೋಡಬೇಕು?"

ಕೇಳಿದವನು ಮಠದ ಶಿಷ್ಯ ಮುರಿಗೆಪ್ಪ. ಅವನ ಅಣ್ಣ ಲಕ್ವ ಹೊಡೆದು ಹಾಸಿಗೆ ಹಿಡಿದು ಆರು ತಿಂಗಳಾಗಿತ್ತು. ಮನೆಯಲ್ಲಿ ನೋಡಿಕೊಳ್ಳಲು ಸಂಬಳದ ಆಳುಗಳನ್ನು ಇಟ್ಟಿದ್ದರು. ಮುರಿಗೆಪ್ಪ ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗಿ ಪರೀಕ್ಷಿಸಿ ಬರುತ್ತಿದ್ದ.

"ಕೋಣೆ ಗುಡಿಸಿರುತ್ತದೆ. ಬಟ್ಟೆ ಒಗೆದಿರುತ್ತದೆ. ಔಷಧದ ಸೀಸೆ ಎಷ್ಟು ಖಾಲಿಯಾಗಬೇಕೋ ಅಷ್ಟು ಖಾಲಿಯಾಗಿರುತ್ತದೆ. ಬಿದ್ದುಗಿದ್ದಾನು ಎಂದು ಮಂಚದ ಕಾಲನ್ನು ಕೂಡ ಅಲುಗಿಸಿ ನೋಡುತ್ತೇನೆ. ನಾನು ಹಾಗೆ ನೋಡುವಾಗ ಅಣ್ಣ ಮೇಲಿನಿಂದ ಏನೋ ತೊದಲುತ್ತಾನೆ, ಪಾಪ, ಮಾತು ಹೋಗಿದೆಯಲ್ಲ. ಎಲ್ಲ ಸರಿಯಾಗಿದೆ ಗುರುಗಳೇ. ಆದರೂ ಸಮಾಧಾನವಿಲ್ಲ."

"ಮಂಚದ ಕಾಲನ್ನೂ ಬಿಡಲಿಲ್ಲವೇನಯ್ಯಾ ನೀನು!" ಎಂದು ಗುರುಗಳು ನಕ್ಕರು. ಆಮೇಲೆ ನಗು ನಿಲ್ಲಿಸಿ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ನಲವತ್ತು ವರ್ಷ ಅಂಗಡಿಯಲ್ಲಿ ಕೂತವನು. ಕಣ್ಣು ಮುಚ್ಚಿಕೊಂಡು ಒಂದು ಸಲ ಅಂಗೈ ಆಡಿಸಿದರೆ ಸಾಕು, ಈ ಸೀರೆ ಯಾವ ಊರಿನ ಮಗ್ಗದ್ದು, ಎಷ್ಟು ಒಗೆತ ತಾಳುತ್ತದೆ ಎಂದು ಹೇಳಿಬಿಡುತ್ತಿದ್ದ. ವಯಸ್ಸಾದ ಮೇಲೆ ಅಂಗಡಿಯನ್ನು ಅಳಿಯನಿಗೆ ವಹಿಸಿ ಸುಮ್ಮನಿದ್ದ.

ಆ ಪೇಟೆಯ ಹಿರಿಯರು ಸೇರಿ ಒಂದು ಆರೈಕೆ ಮಂಡಳಿ ಕಟ್ಟಿದ್ದರು. ಹಾಸಿಗೆ ಹಿಡಿದವರ ಮನೆಗೆ ಮಂಡಳಿಯ ಹೆಂಗಸರು ಹೋಗಬೇಕು, ಮೈ ಒರೆಸಬೇಕು, ಉಣ್ಣಿಸಬೇಕು, ಮಗ್ಗುಲು ಬದಲಿಸಬೇಕು. ಅವರು ಮಾಡುತ್ತಾರೋ ಇಲ್ಲವೋ ನೋಡಲು ಒಬ್ಬರು ಬೇಕಲ್ಲ? ಲಂಚ ಮುಟ್ಟಬಾರದು, ಮುಲಾಜಿಗೆ ಬೀಳಬಾರದು. ಎಲ್ಲರೂ ವ್ಯಾಪಾರಿಯ ಹೆಸರನ್ನೇ ಹೇಳಿದರು. ಅವನೂ ಸಂತೋಷದಿಂದ ಒಪ್ಪಿಕೊಂಡ.

ಮೊದಲ ದಿನ ಅವನು ಹೋದ ಮನೆಯಲ್ಲಿ ಒಬ್ಬ ಮುದುಕ ದಿನಗಟ್ಟಲೆಯಿಂದ ಒದ್ದೆ ಹಾಸಿಗೆಯಲ್ಲೇ ಬಿದ್ದಿದ್ದ. ಬೆನ್ನಿನ ಚರ್ಮ ಸುಲಿದು ಹಾಸಿಗೆಗೆ ಅಂಟಿತ್ತು. ವ್ಯಾಪಾರಿ ಅಂದೇ ಒಂದು ಕಟ್ಟಳೆ ಮಾಡಿದ. ತಾನು ಹೋದಾಗ ಹಾಸಿಗೆ ಒಣಗಿರಬೇಕು. ಒಣಗಿದ್ದರೆ ಆ ಮನೆಯ ಚಿಲಕಕ್ಕೆ ಒಂದು ಹಳದಿ ದಾರ ಕಟ್ಟುವುದು. ಎರಡು ಸಲ ಒದ್ದೆ ಸಿಕ್ಕಿದರೆ ಆ ಹೆಂಗಸಿಗೆ ಕೆಲಸವಿಲ್ಲ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಎಲ್ಲ ಚಿಲಕಗಳಲ್ಲೂ ಹಳದಿ ದಾರ ಕಾಣಿಸಿತು. ಅವನ ಅಂಗೈಗೆ ಎಲ್ಲೂ ತೇವ ತಾಗಲಿಲ್ಲ. ಕಟ್ಟೆಯ ಮೇಲೆ ಕೂತವರು ತಮಾಷೆ ಮಾಡುತ್ತಿದ್ದರು: "ಸಾಹುಕಾರ್ರು ಬಂದ್ರು ನೋಡ್ರಪ್ಪೋ, ಅವರು ಒಂದು ಸಲ ಕೈಯಾಡಿಸಿದರೆ ನಮ್ಮ ಕೆರೆಯೂ ಒಣಗುತ್ತೆ!" ವ್ಯಾಪಾರಿಯೂ ಅವರ ಜೊತೆ ನಗುತ್ತಿದ್ದ. ಆ ಬೇಸಿಗೆಯಲ್ಲಿ ಮಂಡಳಿ ನೋಡಿಕೊಳ್ಳುತ್ತಿದ್ದವರಲ್ಲಿ ಆರು ಜನ ತೀರಿಕೊಂಡರು. ಮೊದಲೇ ಹಾಸಿಗೆ ಹಿಡಿದವರು, ಬೇಸಿಗೆ ಬೇರೆ. ಯಾರೂ ಏನೂ ಕೇಳಲಿಲ್ಲ.

ವ್ಯಾಪಾರಿಗೆ ಒಬ್ಬಳು ಅಕ್ಕ ಇದ್ದಳು. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಸಾಕಿದವಳು ಅವಳೇ. ಎರಡು ಬೀದಿ ಆಚೆ ಅವಳ ಮನೆ. ಆ ಬೇಸಿಗೆಯ ಕೊನೆಯಲ್ಲಿ ಅವಳು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ವ್ಯಾಪಾರಿ ಮಂಡಳಿಯಲ್ಲೇ ಎಲ್ಲರಿಗಿಂತ ಹೆಚ್ಚು ಹಳದಿ ದಾರ ಪಡೆದಿದ್ದ ದೇವೀರಮ್ಮನನ್ನು ಅಲ್ಲಿಗೆ ಕಳುಹಿಸಿದ. ಅಕ್ಕನಿಗೆ ತಾನು ಕೊಡಬಹುದಾದ ಅತಿ ಒಳ್ಳೆಯದು ಅದೇ ಎಂದು ಅವನ ನಂಬಿಕೆ.

ವಾರ ಬಿಟ್ಟು ನೋಡಲು ಹೋದ.

"ತಮ್ಮಾ, ಬಾಯಾರಿಕೆ ಕಣೋ," ಎಂದಳು ಅಕ್ಕ.

"ಈಗಷ್ಟೇ ಕುಡಿಸಿದೆ ಸಾಹುಕಾರ್ರೇ," ಎಂದಳು ದೇವೀರಮ್ಮ, ಬಾಗಿಲಿನಿಂದಲೇ. "ವಯಸ್ಸು ನೋಡಿ, ಕುಡಿದದ್ದನ್ನು ಮರೆತುಬಿಡ್ತಾರೆ."

ಇರಬಹುದು ಎನ್ನಿಸಿತು ಅವನಿಗೆ. ಇಂಥ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿಲ್ಲ! ಬಗ್ಗಿ ಹಾಸಿಗೆಯ ಮೇಲೆ ಅಂಗೈ ಆಡಿಸಿದ. ಬಿಸಿಲಿಗೆ ಹಾಕಿ ತೆಗೆದ ಹಾಗಿತ್ತು. "ಅಕ್ಕಾ, ಇಡೀ ಪೇಟೆಯಲ್ಲಿ ಇಂಥ ಹಾಸಿಗೆ ಇನ್ನೊಂದಿಲ್ಲ ಕಣಕ್ಕಾ," ಎಂದ. ಅಕ್ಕ ಅವನ ಮುಖವನ್ನೇ ನೋಡಿದಳು.

ಮುಂದಿನ ವಾರ ಅವನು ಹೋದಾಗ ಅವಳಿಗೆ ಮಾತಾಡಲು ಆಗುತ್ತಿರಲಿಲ್ಲ. ಅವನು ಎಂದಿನಂತೆ ಬಾಗಿಲಲ್ಲಿ ಕೈಕಾಲು ತೊಳೆದು ಒಳಗೆ ಬಂದು ಪಕ್ಕದಲ್ಲಿ ಕೂತ. ಕೈ ಒರೆಸಿಕೊಳ್ಳುವ ಮೊದಲೇ ಅವಳು ಅದನ್ನು ಹಿಡಿದುಕೊಂಡಳು. ಬಾಯಿಗೆ ಒತ್ತಿಕೊಂಡಳು. ಒಂದೊಂದೇ ಬೆರಳನ್ನು ತುಟಿಗೆ ಇಟ್ಟುಕೊಂಡು ಬಹಳ ಹೊತ್ತು ಬಿಡಲಿಲ್ಲ. ಚಿಕ್ಕಂದಿನಲ್ಲಿ ಅವನು ಬಿದ್ದು ಕೈ ತರಚಿಕೊಂಡು ಬಂದರೆ ಅವಳು ಹೀಗೇ ಬೆರಳಿಗೆ ಮುತ್ತಿಡುತ್ತಿದ್ದಳು. ವ್ಯಾಪಾರಿಗೆ ಅದೆಲ್ಲ ನೆನಪಾಗಿ ಕಣ್ಣು ತುಂಬಿತು. ಮೆಲ್ಲನೆ ಕೈ ಬಿಡಿಸಿಕೊಂಡ. ಒದ್ದೆ ಕೈಯಲ್ಲಿ ಹಾಸಿಗೆ ಪರೀಕ್ಷಿಸಲು ಬರುವುದಿಲ್ಲವಲ್ಲ. ಶಲ್ಯದಲ್ಲಿ ಚೆನ್ನಾಗಿ ಒರೆಸಿಕೊಂಡು ಆಮೇಲೆ ಅಂಗೈ ಆಡಿಸಿದ. ತೇವವಿರಲಿಲ್ಲ. ಹೋಗುವಾಗ ಚಿಲಕಕ್ಕೆ ದಾರ ಕಟ್ಟಿ ಹೋದ.

ಮೂರನೆಯ ದಿನ ಅಕ್ಕ ತೀರಿಕೊಂಡಳು.

ಹೆಣಕ್ಕೆ ಸ್ನಾನ ಮಾಡಿಸಲು ನೆರೆಮನೆಯ ಮುದುಕಿ ಬಂದಳು. ಬಾಯಿಗೆ ಎರಡು ಹನಿ ನೀರು ಬಿಡಲು ಹೋದವಳು ಕೈ ಹಿಂದೆ ತೆಗೆದಳು. "ಏನಪ್ಪಾ ಇದು? ನಾಲಿಗೆ ಮರದ ತೊಗಟೆಯ ಹಾಗೆ ಅಂಗುಳಿಗೆ ಅಂಟಿಕೊಂಡಿದೆ. ಈ ಬಾಯಿ ನೀರು ಕಂಡು ಎಷ್ಟು ದಿನವಾಯ್ತೋ!"

ವ್ಯಾಪಾರಿ ತನ್ನ ಬೆರಳುಗಳನ್ನು ನೋಡಿಕೊಂಡ.

ದೇವೀರಮ್ಮ ಜಗಲಿಯ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಅವನು ಹೋಗಿ ಎದುರು ನಿಂತ.

"ನೀರು ಎಷ್ಟು ಕೊಡುತ್ತಿದ್ದೆ?"

"ಬೆಳಿಗ್ಗೆ ಅರ್ಧ ಲೋಟ. ಸಂಜೆ ಅರ್ಧ."

"ಈ ಬಿಸಿಲಲ್ಲಿ? ನಿನಗೆ ಕರುಳಿಲ್ಲವೇನೇ?"

ಅವಳು ತಲೆ ಎತ್ತಿದಳು. "ಇತ್ತು ಸಾಹುಕಾರ್ರೇ. ಮೊದಲಿನ ಮನೆಯಲ್ಲಿ ಅಜ್ಜಿ ಕೇಳಿದಾಗಲೆಲ್ಲ ಕುಡಿಸ್ತಿದ್ದೆ. ಆವತ್ತು ನಾಲ್ಕು ಸಲ ಬಟ್ಟೆ ಬದಲಿಸಿದ್ದೆ. ನೀವು ಬಂದದ್ದು ಐದನೆಯದಕ್ಕೆ. ಕೈಯಾಡಿಸಿದ್ರಿ, ಥೂ ಅಂದ್ರಿ, ಇನ್ನೊಂದು ಸಲ ಹೀಗಾದ್ರೆ ಕೆಲಸವಿಲ್ಲ ಅಂದ್ರಿ. ಆ ಅಜ್ಜಿ ನಗ್ತಾ ಮಲಗಿದ್ದಳು. ಅದನ್ನು ನೀವು ನೋಡಲಿಲ್ಲ."

ಅವನಿಗೆ ಆ ಅಜ್ಜಿಯ ಮುಖ ನೆನಪಿಗೆ ಬರಲಿಲ್ಲ. ಹಾಸಿಗೆಯ ಬಟ್ಟೆ ನೆನಪಿಗೆ ಬಂತು. ಒರಟು ನೂಲಿನದು, ಅಂಚು ನೀಲಿ.

"ಎಲ್ಲರೂ ಹೀಗೇ ಮಾಡುತ್ತೀರಾ?" ಎಂದು ಕೇಳಿದ.

ದೇವೀರಮ್ಮ ಬೀದಿಯ ಕಡೆ ನೋಡಿದಳು. ಎದುರು ಮನೆಯ ಚಿಲಕದಲ್ಲಿ ಹಳದಿ ದಾರ ಗಾಳಿಗೆ ಆಡುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

"ತಿಳಿಯಿತು ಗುರುಗಳೇ," ಎಂದ ಮುರಿಗೆಪ್ಪ. "ಹಾಸಿಗೆಯನ್ನಲ್ಲ, ನಾಲಿಗೆಯನ್ನು ನೋಡಬೇಕು. ಈ ಸಲ ಹೋದಾಗ ಮೊದಲು ಅದನ್ನೇ ನೋಡುತ್ತೇನೆ."

"ನೋಡು. ನೀನು ನಾಲಿಗೆ ನೋಡುವವನು ಎಂದು ಗೊತ್ತಾದರೆ, ನೀನು ಹೋಗುವ ಹೊತ್ತಿಗೆ ನಾಲಿಗೆ ಒದ್ದೆಯಾಗಿರುತ್ತದೆ."

"ಹಾಗಾದರೆ ನಾನು ಏನನ್ನು ನೋಡಲಿ?"

ಗುರುಗಳು ಕೇಳಿದರು: "ನೀನು ಮಂಚದ ಕಾಲು ಅಲುಗಿಸುತ್ತಿದ್ದಾಗ ನಿನ್ನ ಅಣ್ಣ ತೊದಲಿದ್ದು ಏನು?"

ಮುರಿಗೆಪ್ಪ ಎದ್ದು ನಿಂತ. ಹದಿನೈದು ದಿನ ತುಂಬುವುದನ್ನು ಕಾಯದೆ ಆಗಲೇ ಊರಿನ ದಾರಿ ಹಿಡಿದ.