ಮಂಗಟ್ಟೆಯ ಬಾಗಿಲು

ಬೆಟ್ಟದ ಮೇಲಿನ ಆಶ್ರಮದಲ್ಲಿ ವಿರೂಪ ಮೂರು ವರ್ಷದಿಂದ ಮುಕ್ತಿಯ ಪಾಠ ಕೇಳುತ್ತಿದ್ದ. ಮುಕ್ತಿ ಇನ್ನೂ ಯಾರಿಗೂ ಸಿಕ್ಕಿರಲಿಲ್ಲ.

ಒಂದು ಬೆಳಿಗ್ಗೆ ಅವನು ಕಾಡಿನಿಂದ ಓಡಿಬಂದ. ಕೈಯಲ್ಲಿ ಕೋಲು, ಉಗುರಿನ ತುಂಬ ಮಣ್ಣು.

“ಬುದ್ಧಿ, ಇವತ್ತು ಒಂದು ಜೀವ ಬಿಡಿಸಿದೆ!”

ಗುರು ಕರಿಸಿದ್ಧಯ್ಯ ರಾಗಿ ಬೀಸುತ್ತಿದ್ದರು. “ಯಾರನ್ನಪ್ಪ?”

“ಮಂಗಟ್ಟೆ ಹಕ್ಕಿಯನ್ನು. ಹಳೇ ಮರದ ಪೊಟರೆಯಲ್ಲಿ ಸಿಕ್ಕಿಬಿದ್ದಿತ್ತು. ಯಾರೋ ಪೊಟರೆಯ ಬಾಯಿಗೆ ಮಣ್ಣು ಮೆತ್ತಿದ್ದರು. ಸೀಳಿನಲ್ಲಿ ಕೊಕ್ಕಿನ ತುದಿ ಮಾತ್ರ ಕಾಣುತ್ತಿತ್ತು. ಏಣಿ ಹಾಕಿ ಹತ್ತಿ, ಕುಟ್ಟಿ ಕೆಡವಿದೆ.”

“ಹಾರಿತೇ?”

“ಇಲ್ಲ. ಇನ್ನೂ ಒಳಕ್ಕೆ ಸರಿಯಿತು. ಬಂಧನದ ಅಭ್ಯಾಸ ಇರಬೇಕು.”

ಬೀಸುವ ಕಲ್ಲು ನಿಂತಿತು. “ನಡೆ.”

ಮರದ ಕಾಂಡದ ಮೇಲೆ ಒಂದು ಉಡ ಆಗಲೇ ಅರ್ಧ ಏರಿತ್ತು. ಗುರು ಕಲ್ಲು ಎಸೆದರು. ಉಡ ಧೊಪ್ಪನೆ ಬಿದ್ದು ಪೊದೆ ಸೇರಿತು.

“ನೀನು ಬಾಗಿಲು ತೆಗೆದದ್ದು ಆ ಉಡಕ್ಕೆ.”

“ಹಾಗಾದರೆ ಮಣ್ಣು ಮೆತ್ತಿದ್ದು ಯಾರು, ಬುದ್ಧಿ?”

“ಅವಳೇ, ಆ ಹೆಣ್ಣು ಹಕ್ಕಿ. ಒಳಗಿನಿಂದ.”

“ತನ್ನನ್ನು ತಾನೇ ಯಾಕೆ ಮುಚ್ಚಿಕೊಂಡಳು?”

“ಮೊಟ್ಟೆ ಇದೆ. ರೆಕ್ಕೆಯ ಗರಿ ಉದುರಿವೆ. ಹೊಸದು ಬರೋವರೆಗೂ ಹಾರಲಾರಳು.”

“ಊಟ?”

“ಗಂಡು ತಂದು ಸೀಳಿನಲ್ಲಿ ಕೊಡುತ್ತೆ.”

ಗಂಡು ಪಕ್ಕದ ಮರದಲ್ಲೇ ಇತ್ತು, ಕೊಕ್ಕಿನಲ್ಲಿ ಅತ್ತಿಹಣ್ಣು.

“ಮತ್ತೆ ಯಾಕೆ ಬರುತ್ತಿಲ್ಲ?”

“ನೀನಿದ್ದೀಯಲ್ಲ.”

ವಿರೂಪ ತಲೆ ತಗ್ಗಿಸಿದ. “ನಾನೇ ಮಣ್ಣು ಕಲಸಿ ಮುಚ್ಚಿಬಿಡಲೇ?”

“ಸಾಕಪ್ಪ ನಿನ್ನ ಉಪಕಾರ. ಗೂಡು ಒಡೆದ ಕೋಲು ಇನ್ನೂ ಕೈಯಲ್ಲೇ ಇದೆ. ದೂರ ಕೂತು ಉಡ ಕಾಯಿ.”

“ಎಷ್ಟು ದಿನ?”

“ಅವಳನ್ನು ಕೇಳು.”

ವಿರೂಪ ಬಿದಿರುಮೆಳೆಯ ಮರೆಯಲ್ಲಿ ಕೂತ. ಉಡ ನಾಲ್ಕು ಸಲ ಬಂತು. ನಾಲ್ಕು ಸಲವೂ ಎದ್ದು ಓಡಿಸಿದ. ಮಿಕ್ಕ ಹೊತ್ತು ಪೊಟರೆಯನ್ನೇ ನೋಡಿದ. ಒಳಗಿನಿಂದ ಕೊಕ್ಕು ಬರುತ್ತಿತ್ತು, ಅಂಚಿಗೆ ಒಂದಿಷ್ಟು ಹಿಕ್ಕೆ ಬೆರೆತ ಮಣ್ಣು ಮೆತ್ತುತ್ತಿತ್ತು, ಮರೆಯಾಗುತ್ತಿತ್ತು. ಅವನ ಕಡೆ ಒಮ್ಮೆಯೂ ತಿರುಗಲಿಲ್ಲ.

ಮೂರನೆಯ ದಿನ ಉಳಿದದ್ದು ಸೀಳು ಮಾತ್ರ. ಗಂಡು ಹಾರಿಬಂದು ಹಣ್ಣು ಚಾಚಿತು. ಒಳಗಿನ ಕೊಕ್ಕು ತೆಗೆದುಕೊಂಡಿತು.

ವಿರೂಪ ಆಶ್ರಮಕ್ಕೆ ಮರಳಿದಾಗ ಗುರು ಮತ್ತೆ ರಾಗಿ ಬೀಸುತ್ತಿದ್ದರು.

“ಮುಚ್ಚಿಕೊಂಡಳು, ಬುದ್ಧಿ.”

“ಹೂಂ.”

“ಒಂದು ಮಾತು. ಹೊರಗಿನಿಂದ ನೋಡಿದರೆ ಸೆರೆಗೂ ಮನೆಗೂ ಒಂದೇ ಥರದ ಗೋಡೆ. ಯಾವುದು ಯಾವುದೆಂದು ತಿಳಿಯೋದು ಹೇಗೆ?”

ಗುರು ಕಲ್ಲಿಗೆ ಇನ್ನೊಂದು ಹಿಡಿ ರಾಗಿ ಹಾಕಿದರು.

“ಒಡೆಯೋ ಮುಂಚೆ, ಚಿಲಕ ಯಾವ ಕಡೆ ಇದೆ ನೋಡು.”