ಹಿಡಿಯುವವನನ್ನು ಕೊಟ್ಟ ಊರು

ಶಿಷ್ಯ ಕೇಳಿದ: "ಗುರುಗಳೇ, ವಾದಸಭೆಗೆ ನಮ್ಮ ಮಠದಿಂದ ಇಬ್ಬರು ಹೋಗಬೇಕು. ನನ್ನ ಜೊತೆಗಾರ ಬಾಯಿ ಬಿಡುವುದೇ ಅಪರೂಪ. ಅವನ ಬದಲು ಚುರುಕಾಗಿ ಮಾತಾಡುವ ಒಬ್ಬನನ್ನು ಕರೆದುಕೊಂಡು ಹೋಗಲೆ?"

ಗುರುಗಳು ಒಂದು ಕತೆ ಹೇಳಿದರು.

ಎರಡು ಊರುಗಳ ನಡುವೆ ಒಂದು ಹುಲ್ಲುಗಾವಲಿತ್ತು. ವರ್ಷಕ್ಕೊಮ್ಮೆ ಎರಡೂ ಊರಿನವರು ಕಬಡ್ಡಿ ಆಡುತ್ತಿದ್ದರು. ಗೆದ್ದವರ ದನಗಳಿಗೆ ಆ ವರ್ಷದ ಹುಲ್ಲು. ಎರಡೂ ಕಡೆಯವರು ಒಪ್ಪಿದರೆ, ಆಟಕ್ಕೆ ಮುಂಚೆ ಒಬ್ಬ ಆಟಗಾರನನ್ನು ಕೊಟ್ಟು ಇನ್ನೊಬ್ಬನನ್ನು ತರುವ ಪದ್ಧತಿಯೂ ಇತ್ತು.

ಕೆಳಗಿನ ಊರು ಸೋಲುತ್ತಲೇ ಇತ್ತು. ದನಗಳ ಎಲುಬುಗಳು ಎದ್ದು ಕಾಣುತ್ತಿದ್ದವು. ಸಂಜೆಯಾದರೆ ಗಾಣದ ಮುಂದೆ ಅದೇ ಮಾತು.

"ನಮ್ಮವರು ದಾಳಿಗೆ ಹೋಗುವುದಿಲ್ಲ. ಗೆರೆಗೆ ನಮಸ್ಕಾರ ಮಾಡಿ ಬರುತ್ತಾರೆ," ಎಂದ ಗಾಣಿಗ.

"ಬೀಗರ ಮನೆಗೆ ಹೋದವರೂ ಅಷ್ಟು ಬೇಗ ತಿರುಗಿ ಬರುವುದಿಲ್ಲ ಬಿಡು," ಎಂದ ಕುಂಬಾರ. "ನಮ್ಮಪ್ಪನ ಕಾಲದಲ್ಲಿ ಒಬ್ಬ ಕುಂಟನನ್ನು ಕೊಟ್ಟು ಹುಲಿಯಂಥವನನ್ನು ತಂದಿದ್ದರು. ಈಗಲೂ ಹಾಗೇ ಮಾಡಬೇಕು."

ಅವರ ತಂಡದಲ್ಲಿ ಒಬ್ಬನಿದ್ದ. ಅವನು ದಾಳಿಗೆ ಹೋಗುತ್ತಿರಲಿಲ್ಲ. ಮೂಲೆಯಲ್ಲಿ ನಿಂತು, ಬಂದವರ ಕಾಲು ಹಿಡಿಯುತ್ತಿದ್ದ. ಊರಿನವರು ಅವನನ್ನು ಕೊಟ್ಟು, ಮೇಲಿನ ಊರಿನ ಹೆಸರಾಂತ ದಾಳಿಗಾರನನ್ನು ಕೇಳಿದರು. ಮೇಲಿನ ಊರಿನವರು ಎರಡನೆಯ ಮಾತಿಲ್ಲದೆ ಒಪ್ಪಿದರು. ಯಾಕೆ ಒಪ್ಪಿದರು ಎಂದು ಯಾರೂ ಯೋಚಿಸಲಿಲ್ಲ.

ಆಟದ ದಿನ ಹೊಸ ದಾಳಿಗಾರ ಮೊದಲ ಸಲವೇ ಮೂವರನ್ನು ಮುಟ್ಟಿ ಬಂದ. ಊರು ಕುಣಿಯಿತು. ಮತ್ತೊಮ್ಮೆ ಹೋದಾಗ, ಇವರೇ ಕೊಟ್ಟವನು ಅವನ ಕಾಲು ಹಿಡಿದ. ದಾಳಿಗಾರ ಗೆರೆಯ ಹೊರಗೆ ಕುಳಿತ. ಅವನು ಒಳಗೆ ಬರಬೇಕಾದರೆ ಅವನ ಕಡೆಯವರು ಎದುರಾಳಿಯೊಬ್ಬನನ್ನು ಹೊರಗೆ ಹಾಕಬೇಕು. ಎದುರಾಳಿಗಳು ಬಂದರು, ಮುಟ್ಟಿದರು, ಹೋದರು. ಹಿಡಿಯುವವರಿರಲಿಲ್ಲ. ಉಳಿದವರ ದಾಳಿಯೋ, ಹಳೆಯ ದಾಳಿಯೇ. ದಾಳಿಗಾರ ಆಟ ಮುಗಿಯುವವರೆಗೂ ಹೊರಗೇ ಕುಳಿತಿದ್ದ. ಹುಲ್ಲುಗಾವಲು ಮತ್ತೆ ಹೋಯಿತು.

ಗಾಣಿಗ ದಾಳಿಗಾರನನ್ನು ಕೇಳಿದ: "ಆ ಊರಿನಲ್ಲಿದ್ದಾಗ ನೀನು ಸಿಕ್ಕಿಬೀಳುತ್ತಲೇ ಇರಲಿಲ್ಲವಲ್ಲ?"

"ಯಾರು ಹೇಳಿದ್ದು?" ಎಂದ ದಾಳಿಗಾರ. "ಪ್ರತಿ ಆಟದಲ್ಲೂ ಸಿಕ್ಕಿಬೀಳುತ್ತಿದ್ದೆ. ಮೈಯ ಧೂಳು ಕೊಡವಿಕೊಳ್ಳುವಷ್ಟರಲ್ಲಿ ನಮ್ಮವರು ಯಾರನ್ನಾದರೂ ಹಿಡಿದು ನನ್ನನ್ನು ಒಳಗೆ ಕರೆಸುತ್ತಿದ್ದರು. ನೀವು ನೋಡಿರಲಿಲ್ಲವೆ?"

ಅವರು ಇಷ್ಟು ವರ್ಷ ನೋಡಿದ್ದು ಅವನ ದಾಳಿಯನ್ನು ಮಾತ್ರ.

ಕತೆ ಮುಗಿಯಿತು. "ಆದರೆ ಗುರುಗಳೇ, ನಾನು ಸಭೆಯಲ್ಲಿ ಯಾವತ್ತೂ ಸಿಕ್ಕಿಬಿದ್ದವನಲ್ಲವಲ್ಲ?" ಎಂದ ಶಿಷ್ಯ.

ಗುರುಗಳು ಕೇಳಿದರು: "ಹೋದ ಸಲ ನೀನು ಮಾತು ಮರೆತು ನಿಂತಾಗ, ಪಕ್ಕದಿಂದ ಮೆಲ್ಲಗೆ ಮುಂದಿನ ಮಾತು ಹೇಳಿಕೊಟ್ಟವನು ಯಾರು?"