ಗುದ್ದಿದರೆ ಏಳುವ ಕಂಪ್ಯೂಟರು

ಸುಹಾಸಿನಿಯ ಮೇಜಿನ ಮೇಲಿದ್ದ ಹೊಸ ಲ್ಯಾಪ್‌ಟಾಪ್ ಪಕ್ಕದ ಹಳೇ ಕಂಪ್ಯೂಟರನ್ನು ಕೇಳಿತು: "ನಿನ್ನ ಕಾಲದಲ್ಲೇ ನಿನ್ನನ್ನು ಯಾರೂ ಮೂಸಿಯೂ ನೋಡಲಿಲ್ಲವಂತೆ. ಗುದ್ದದೆ ನೀನು ಏಳುವುದಿಲ್ಲ. ಎದ್ದರೂ ಹಾವಿನ ಆಟ ಬಿಟ್ಟು ಬೇರೇನೂ ಬಾರದು. ಈ ಯಮ್ಮ ನಿನ್ನನ್ನು ಯಾಕೆ ತಲೆ ಮೇಲೆ ಹೊತ್ತು ಮೆರೆಸುತ್ತಾಳೆ?"

"ನೀನು ಕೆಟ್ಟರೆ ಏನು ಮಾಡುತ್ತಾಳೆ?" ಎಂದಿತು ಹಳೇ ಕಂಪ್ಯೂಟರು.

"ಕಂಪನಿಗೆ ಕಳಿಸುತ್ತಾಳೆ. ನನ್ನನ್ನು ಬಿಚ್ಚುವ ಹಕ್ಕು ಅವಳಿಗಿಲ್ಲ!"

"ನನ್ನೊಳಗೆ ಅವಳು ಬೆಸುಗೆ ಹಾಕದ ತಂತಿಯೇ ಇಲ್ಲ. ನೀನು ಎದ್ದರೆ ಗೆದ್ದದ್ದು ಕಂಪನಿ. ನಾನು ಎದ್ದರೆ ಗೆದ್ದವಳು ಅವಳು."

ಲ್ಯಾಪ್‌ಟಾಪ್ ಕಿಸಕ್ಕನೆ ನಕ್ಕಿತು. ಅಷ್ಟರಲ್ಲಿ ಸುಹಾಸಿನಿ ಬಂದು ಅದನ್ನೇ ತೆರೆದಳು. ಅದು ಹೆಮ್ಮೆಯಿಂದ ಬೀಗಿತು. ಅವಳು ಟೈಪ್ ಮಾಡಿದಳು: "ಹಳೇ ಕಂಪ್ಯೂಟರಿನ ಕೀಲಿಮಣೆಗೆ ಸ್ಪ್ರಿಂಗು ಎಲ್ಲಿ ಸಿಗುತ್ತೆ?"

ಲ್ಯಾಪ್‌ಟಾಪ್ ಬಾಯಿ ಮುಚ್ಚಿಕೊಂಡು ಹುಡುಕತೊಡಗಿತು.